ಸೋತ ತಂಡದ ಗೋಲು

2025ರ ಏಪ್ರಿಲ್ 6. ಗೋವಾದ ಫತೋರ್ದಾದಲ್ಲಿ ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಪಂದ್ಯ. ತವರಿನಲ್ಲಿ 2-0 ಅಂತರದಿಂದ ಗೆದ್ದಿದ್ದ ಬೆಂಗಳೂರು ಎಫ್‌ಸಿ, ಗೋವಾಕ್ಕೆ ಎರಡು ಗೋಲು ಬಿಟ್ಟುಕೊಟ್ಟು ಆ ಮುನ್ನಡೆಯನ್ನೆಲ್ಲ ಕಳೆದುಕೊಂಡಿತ್ತು. ಇನ್ನು ಹೆಚ್ಚುವರಿ ಸಮಯವೇ ಗತಿ ಎನ್ನುವಾಗ, 40ರ ಹರೆಯದ ಸುನಿಲ್ ಚೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಒಟ್ಟು ಗೋಲು 3-2, ತಂಡ ಫೈನಲ್‌ಗೆ!

ಆರೇ ದಿನಗಳಲ್ಲಿ ಕೋಲ್ಕತ್ತದ ಫೈನಲ್. ಮೊದಲು ಮುನ್ನಡೆ ಪಡೆದೂ ಬೆಂಗಳೂರು, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್‌ಗೆ 1-2ರಿಂದ ಸೋತಿತು. ದಾಖಲೆ ಪುಸ್ತಕಕ್ಕೆ ಅಷ್ಟು ಸಾಕು. ನನ್ನಂಥ ಅಭಿಮಾನಿಗೆ ಸಾಲದು. ಫತೋರ್ದಾದ ಆ ಗೋಲು ಇನ್ನೂ ಕಣ್ಣಲ್ಲಿದೆ.

ಪಾಲಕರೇ, ಅಂಕಪಟ್ಟಿ ಬಂದಾಗ ಕೊನೆಯ ಸಾಲನ್ನಷ್ಟೇ ಓದಬೇಡಿ. ಮಗು ಅಲ್ಲಿಯವರೆಗೆ ಹೇಗೆ ಬಂತೆಂದು ಒಮ್ಮೆ ಕೇಳಿ. ವಿದ್ಯಾರ್ಥಿ ಮಿತ್ರರೇ, ನೀವೂ ಅದನ್ನು ಮರೆಯಬೇಡಿ.