ವೀರಗಲ್ಲಿನ ಮುಂದೆ

ಈಚಿನ ಹತ್ತು ಹನ್ನೆರಡು ವರುಷಗಳಿಂದ ನಮ್ಮ ಸಾರ್ವಜನಿಕ ಜೀವನದಲ್ಲಿ ಹೊಸ ಬಗೆಯ ವಾದವೊಂದು ತಲೆಯೆತ್ತಿದೆ. ಹಿರಿಯರೊಬ್ಬರು ತೀರಿಕೊಂಡರೆಂದರೆ, ಅವರು ಬಾಳಿದ ರೀತಿಯನ್ನು ನೆನೆಯುವ ಮೊದಲೇ, ಅಂತ್ಯದರ್ಶನಕ್ಕೆ ಬಂದ ರಾಜಕಾರಣಿಗಳ ಮುಖಚರ್ಯೆಯ ಪರೀಕ್ಷೆ ಆರಂಭವಾಗುತ್ತದೆ. ಯಾರು ನಕ್ಕರು, ಯಾರು ಪಕ್ಕದವರ ಕಿವಿಯಲ್ಲಿ ಉಸುರಿದರು, ಯಾರ ಕೈಯಲ್ಲಿ ಮೊಬೈಲ್ ಇತ್ತು ಎಂಬುದೇ ದೊಡ್ಡ ಸುದ್ದಿ. ಒಂದು ಪಕ್ಷದವರು ಇನ್ನೊಂದು ಪಕ್ಷದವರ ಚಿತ್ರವನ್ನು ಊರಿಗೆಲ್ಲ ಹಂಚುತ್ತಾರೆ. ಮೂರು ದಿನ ಗದ್ದಲ, ನಾಲ್ಕನೆಯ ದಿನ ಮರೆವು. ಈ ಗದ್ದಲದಲ್ಲಿ ಎಲ್ಲರೂ ಇರುತ್ತಾರೆ. ಸತ್ತವರೊಬ್ಬರು ಮಾತ್ರ ಇರುವುದಿಲ್ಲ.

ಇದು ನಮ್ಮ ನಾಡಿಗಷ್ಟೇ ಮೀಸಲಾದ ಜಾಡ್ಯವಲ್ಲ. 2013ರ ಡಿಸೆಂಬರ್ 10ರಂದು ಜೋಹಾನ್ಸ್‌ಬರ್ಗಿನ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರ ಸ್ಮರಣಸಭೆ ನಡೆಯಿತು. ಅಲ್ಲಿ ಡೆನ್ಮಾರ್ಕಿನ ಪ್ರಧಾನಿ ಮೊಬೈಲ್ ಎತ್ತಿ ಹಿಡಿದು, ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಮತ್ತು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರೊಡನೆ ಸೆಲ್ಫಿ ತೆಗೆದುಕೊಂಡರು. ಆ ಕ್ಷಣದ ಚಿತ್ರ ಜಗತ್ತನ್ನೇ ಸುತ್ತಿ ಛೀಮಾರಿಗೆ ಗುರಿಯಾಯಿತು. ಆದರೆ ಅದೇ ದಿನ ಅದೇ ಕ್ರೀಡಾಂಗಣದಲ್ಲಿ ಇನ್ನೊಂದು ಘಟನೆ ನಡೆದಿತ್ತು. ದಕ್ಷಿಣ ಆಫ್ರಿಕದ ಅಂದಿನ ಅಧ್ಯಕ್ಷ ಜೇಕಬ್ ಜುಮಾ ಅವರನ್ನು ಸೇರಿದ ಜನವೇ ಕೂಗಿ ಧಿಕ್ಕರಿಸಿದರು. ಮಂಡೇಲಾ ಬಿಟ್ಟುಹೋದ ಆದರ್ಶಕ್ಕೂ ಅವರ ಪೀಠದಲ್ಲಿ ಕುಳಿತವರ ನಡತೆಗೂ ಇರುವ ಅಂತರವೇ ಆ ಕೂಗಿನ ಅರ್ಥ. ಆ ಚಿತ್ರದ ಬಗೆಗೆ ಮಾತನಾಡಿದವರು ಲಕ್ಷಾಂತರ ಮಂದಿ. ಆ ಕೂಗನ್ನು ನೆನಪಿಟ್ಟವರು ಎಷ್ಟು ಜನ? ಮುಖವನ್ನು ನೋಡುವ ಭರದಲ್ಲಿ ಪ್ರಶ್ನೆಯನ್ನು ಕಳೆದುಕೊಳ್ಳುವುದು ಇಂಥ ವಾದಗಳ ಸ್ವಭಾವವೇ ಆಗಿದೆ.

ನಾನು ಕನ್ನಡ ಕಲಿಸುವವನು. ಕಾವ್ಯಮೀಮಾಂಸೆಯ ಪಾಠದಲ್ಲಿ ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಹೇಳುವಾಗಲೆಲ್ಲ ಈ ವಿಷಯ ನೆನಪಾಗುತ್ತದೆ. ಕೊರಳಿನ ಹಾರವನ್ನು ಸೊಂಟಕ್ಕೂ ಕಾಲಿನ ಗೆಜ್ಜೆಯನ್ನು ಕೈಗೂ ತೊಟ್ಟರೆ ನಗೆಪಾಟಲು ಎಂಬುದು ಹನ್ನೊಂದನೆಯ ಶತಮಾನದ ಆ ಕಾಶ್ಮೀರದ ಪಂಡಿತನ ಮಾತಿನ ತಾತ್ಪರ್ಯ. ಆಭರಣದಲ್ಲಿ ದೋಷವಿಲ್ಲ, ತೊಟ್ಟ ಸ್ಥಾನದಲ್ಲಿ ದೋಷ. ರಾಜಕಾರಣಿಯ ಮಾತಿಗೂ ಮೌನಕ್ಕೂ ಈ ನ್ಯಾಯವನ್ನೇ ಅನ್ವಯಿಸಬೇಕಾಗಿದೆ. ಎಲ್ಲ ಕಡೆಗೂ ಒಂದೇ ಮರ್ಯಾದೆ ಎಂದು ತಿಳಿದುದೇ ನಮ್ಮ ಗೊಂದಲದ ಮೂಲವೆಂದು ನನಗೆ ತೋರುತ್ತದೆ. ಸೂತಕ ಬೇರೆ, ಸ್ಮರಣೆ ಬೇರೆ. ಒಂದಕ್ಕೆ ಒಪ್ಪುವ ನಡತೆ ಇನ್ನೊಂದಕ್ಕೆ ಒಪ್ಪದು.

ಮೊದಲು ಸೂತಕವನ್ನು ನೋಡೋಣ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನಮ್ಮ ಸೀಮೆಯಲ್ಲಿ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಆ ಮಾತಿನಲ್ಲಿಯೇ ಮರ್ಯಾದೆಯ ಸೂತ್ರವೆಲ್ಲ ಅಡಗಿದೆ. ಹೋದವನು ಒಂದು ಹಿಡಿ ಮಣ್ಣು ಹಾಕುತ್ತಾನೆ. ಊರ ಗೌಡನ ಹಿಡಿಗೂ ಆಳುಮಗನ ಹಿಡಿಗೂ ಅಲ್ಲಿ ಭೇದವಿಲ್ಲ. ಭಜನೆ ಉಂಟು, ಭಾಷಣವಿಲ್ಲ. ಸತ್ತವರ ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎಂದು ಹೇಳುವಂತಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ಬೀಳ್ಕೊಳ್ಳುವ ಮಾತನ್ನು ಕೂಡ ಒಲ್ಲದ ಸಂದರ್ಭವದು. ಅಲ್ಲಿ ಧ್ವನಿವರ್ಧಕಕ್ಕೆ, ಫ್ಲೆಕ್ಸ್ ಹಲಗೆಗೆ ಎಡೆಯೆಲ್ಲಿ?

2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಹಿಮಪಾತಕ್ಕೆ ಸಿಕ್ಕು, ಆರು ದಿನ ಹಿಮದಡಿ ಜೀವ ಹಿಡಿದಿದ್ದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 11ರಂದು ದಿಲ್ಲಿಯಲ್ಲಿ ಅಸುನೀಗಿದರು. ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರು ಅವರ ಊರು. ಎಲ್ಲ ಪಕ್ಷದವರೂ ಅತ್ತ ಧಾವಿಸಿದರು. ಧಾವಿಸಿದ್ದು ತಪ್ಪಲ್ಲ. ಆಳುವವರು ಮಣ್ಣಿಗೆ ಬಾರದಿದ್ದರೆ ಅದೂ ಅಪಚಾರವೇ. ಆದರೆ ಮಣ್ಣಿಗೆ ಬಂದವರು ಮಣ್ಣಿಗೆ ಬಂದವರಂತೆಯೇ ಇರಬೇಕೆಂದು ಆ ಊರಿನ ರೂಢಿ ಬೇಡುತ್ತದೆ. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರಕಾರಿ ಗೌರವವಾಗಲಿ ಮೆರವಣಿಗೆಯಾಗಲಿ ಇಲ್ಲದೆ ಬೆಂಗಳೂರಿನಲ್ಲಿ ಅಂತ್ಯಕ್ರಿಯೆ ಮುಗಿಯಿತು. ಬದುಕಿದ್ದಾಗ ಅವರೊಡನೆ ವಾದಿಸಿದವರು ಅನೇಕರು. ಆದರೆ ಅಂದು ವೇದಿಕೆಯೇ ಇರಲಿಲ್ಲ. ಆದುದರಿಂದ ವೇದಿಕೆಯ ಮೇಲೆ ಯಾರು ಹೇಗೆ ನಡೆದುಕೊಂಡರೆಂಬ ವಾದಕ್ಕೂ ಆಸ್ಪದವಿರಲಿಲ್ಲ.

2024ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದುದನ್ನೂ ನೆನೆಯಬೇಕು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕೆಂದು ಊರು ಸಿಂಗಾರಗೊಂಡಿತ್ತು. 26ರ ರಾತ್ರಿ ಡಾ. ಮನಮೋಹನ ಸಿಂಗ್ ಅವರು ನಿಧನರಾದ ಸುದ್ದಿ ಬಂತು. ಮರುದಿನದ ಬಹಿರಂಗ ಸಭೆ ರದ್ದಾಯಿತು. ಮುಂದೆ 2025ರ ಜನವರಿ 21ರಂದು ನಡೆಯಿತು. ಏಳು ದಿನಗಳ ಶೋಕವನ್ನೂ ಸಾರಿದರು. ಅಷ್ಟರ ಮಟ್ಟಿಗೆ ಎಲ್ಲವೂ ಸರಿಯೇ. ಆದರೆ ಆ ಏಳು ದಿನ ಮುಗಿಯುವ ಮೊದಲೇ ಸ್ಮಾರಕದ ಜಾಗ ಯಾವುದು, ಚಿತೆಗೆ ಕೊಟ್ಟ ಸ್ಥಳ ಯೋಗ್ಯವೇ, ಶೋಕದ ವೇಳೆಯಲ್ಲಿ ಯಾರು ಎಲ್ಲಿಗೆ ಪ್ರಯಾಣ ಮಾಡಿದರು ಎಂದು ಎರಡೂ ಕಡೆಯವರು ಕಚ್ಚಾಡಿದರು. ಬಾಳಿನುದ್ದಕ್ಕೂ ಮೆಲುದನಿಯವರೆಂದು ಹೆಸರಾದ ಒಬ್ಬರ ಸೂತಕ ಕಳೆದುದು ಹೀಗೆ.

ಇನ್ನು ಸ್ಮರಣೆ. ಇಲ್ಲಿ ಮೌನವೊಂದೇ ಸಾಲದು. ನಮ್ಮ ಜಿಲ್ಲೆಯ ನರಗುಂದವೇ ಇದಕ್ಕೆ ನಿದರ್ಶನ. ಮಲಪ್ರಭೆಗೆ ಅಣೆಕಟ್ಟಾಗಿ ಕಾಲುವೆಗಳು ಬಂದ ಮೇಲೆ, ಭೂಮಿಯ ಬೆಲೆ ಏರಿತೆಂಬ ಲೆಕ್ಕದಿಂದ ಸರಕಾರ ರೈತರ ಮೇಲೆ ಅಭಿವೃದ್ಧಿ ಕರವನ್ನು ಹೇರಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುತ್ತಿರಲಿಲ್ಲ. ಕರದ ಪತ್ರ ಮಾತ್ರ ತಪ್ಪದೆ ಮುಟ್ಟುತ್ತಿತ್ತು. 1980ರ ಜುಲೈ 21ರಂದು ರೈತರು ಸಿಡಿದೆದ್ದರು. ಪೊಲೀಸರ ಗುಂಡು ಹಾರಿತು. ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಮಡಿದರು. ಪೊಲೀಸ್ ಸಿಬ್ಬಂದಿಯೂ ಅಂದಿನ ರೋಷಕ್ಕೆ ಬಲಿಯಾದರು. ಆ ಬೆಂಕಿ ನಾಡಿಗೆಲ್ಲ ಹರಡಿತು. ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಉರುಳಿತು.

ಅಂದಿನಿಂದ ಪ್ರತಿವರುಷ ಜುಲೈ 21 ಹುತಾತ್ಮ ದಿನ. ರೈತ ಸಂಘಟನೆಗಳು ಬೇರೆ ಬೇರೆಯಾಗಿ ಬಂದು ಮಾಲೆ ಹಾಕುತ್ತವೆ. ರಾಜಕೀಯ ಮುಖಂಡರೂ ಹಾಕುತ್ತಾರೆ. 2015ರಿಂದೀಚೆಗೆ ಮಹದಾಯಿ ನೀರಿನ ಹೋರಾಟವೂ ಈ ದಿನದೊಡನೆ ಬೆಸೆದುಕೊಂಡಿದೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಕಳಸಾ-ಬಂಡೂರಿಯ ನೀರು ಮಲಪ್ರಭೆಗೆ ಇನ್ನೂ ಹರಿದು ಬಂದಿಲ್ಲ. ಹೀಗಿರಲು, ‘ಹುತಾತ್ಮರ ಕಟ್ಟೆಯ ಮೇಲೆ ರಾಜಕೀಯ ಬೇಡ’ ಎಂದು ಗಂಭೀರವಾಗಿ ನುಡಿಯುವವರ ಮಾತು ಕೇಳುವುದಕ್ಕೆ ಹಿತವಾದರೂ ನ್ಯಾಯವಾದುದಲ್ಲ. ನೀರು ಮತ್ತು ಕರದ ಪ್ರಶ್ನೆಯಿಂದಲೇ ಸತ್ತವರ ಮುಂದೆ, ನೀರಿನ ಮಾತೆತ್ತದೆ ತಲೆಬಾಗಿ ಹೋಗುವುದು ಮರ್ಯಾದೆಯಲ್ಲ, ನುಣುಚಿಕೊಳ್ಳುವ ಉಪಾಯ. ಮಣ್ಣಿನಲ್ಲಿ ಭೂಷಣವಾದ ಮೌನ ಇಲ್ಲಿ ಸೊಂಟಕ್ಕೆ ತೊಟ್ಟ ಹಾರವಾಗುತ್ತದೆ.

ಹಾಗಾದರೆ ಇಲ್ಲಿ ಆಡಬೇಕಾದ ಮಾತು ಯಾವುದು? ನರಗುಂದದ ಆ ಸ್ಮಾರಕವನ್ನು ನಮ್ಮ ಜನ ‘ವೀರಗಲ್ಲು’ ಎಂದೇ ಕರೆಯುತ್ತಾರೆ. ಹೆಸರಿಟ್ಟವರು ಅರಿತು ಇಟ್ಟರೋ ಅರಿಯದೆಯೋ, ಉತ್ತರ ಆ ಹೆಸರಿನಲ್ಲಿಯೇ ಇದೆ. ಹಳೆಯ ವೀರಗಲ್ಲುಗಳ ಶಾಸನಗಳಲ್ಲಿ ಅರಸನ ಹೆಸರು ಬರುತ್ತದೆ, ಬಿರುದುಗಳೂ ಬರುತ್ತವೆ. ಆದರೆ ಕಲ್ಲಿನ ಮೇಲೆ ಕಡೆದಿರುವುದು ಅರಸನನ್ನಲ್ಲ, ಮಡಿದವನನ್ನು. ಕೆಳಗೆ ಅವನ ಕಾಳಗ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಲೋಕ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಸುಮಾರು 950ರ ಶಾಸನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಕೃಷ್ಣನೂ ಗಂಗರ ಬೂತುಗನೂ ಕಾಣಿಸಿಕೊಳ್ಳುತ್ತಾರೆ. ಚಿತ್ರದಲ್ಲಿ ಇರುವುದು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿ. ಚಕ್ರವರ್ತಿಯ ಹೆಸರು ಅಕ್ಷರದಲ್ಲಿ, ನಾಯಿ ಶಿಲ್ಪದಲ್ಲಿ! ಇಂದಿನ ಹುತಾತ್ಮ ದಿನದ ಫ್ಲೆಕ್ಸಿನಲ್ಲಿ ಯಾರ ಚಿತ್ರ ದೊಡ್ಡದು, ಯಾರದು ಮೂಲೆಯಲ್ಲಿ ಎಂಬುದನ್ನು ಓದುಗರೇ ನೋಡಿಕೊಳ್ಳಲಿ.

ಇಷ್ಟೇ ಅಲ್ಲ. ಮಡಿದವನ ಮನೆತನಕ್ಕೆ ಆಳುವವರು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಯಾರು ಸತ್ತರು, ಯಾತಕ್ಕಾಗಿ ಸತ್ತರು, ಆಳುವವನು ಏನು ಕೊಟ್ಟನು ಎಂಬುದನ್ನು ಕಲ್ಲಿನಲ್ಲಿ ಕೆತ್ತಿ ಊರ ಮುಂದೆ ನಿಲ್ಲಿಸುತ್ತಿದ್ದರು. ಕೊಟ್ಟ ಮಾತನ್ನು ಅಳಿಸುವವನಿಗೆ ಪಾಪದ ಭಯವನ್ನೂ ಹೇಳುತ್ತಿದ್ದರು. ಅಧಿಕಾರ ಆ ಕಲ್ಲಿನ ಮುಂದೆ ಸಾಲಗಾರನಾಗಿ ನಿಲ್ಲುತ್ತಿತ್ತು. ಇಂದು ಅದೇ ಅಧಿಕಾರ ಅಂಥ ಕಲ್ಲಿನ ಮುಂದೆ ವಾರಸುದಾರನಾಗಿ ನಿಲ್ಲಲು ಬಯಸುತ್ತದೆ. ‘ನಿಮ್ಮ ಸರಕಾರ ಗುಂಡು ಹಾರಿಸಿತು, ಹುತಾತ್ಮರು ನಮ್ಮವರು’ ಎಂದು ಒಬ್ಬರು. ‘ನೀವು ನೀರು ತರಲಿಲ್ಲ, ಹುತಾತ್ಮರು ನಮ್ಮವರು’ ಎಂದು ಇನ್ನೊಬ್ಬರು. ನನ್ನ ಮಟ್ಟಿಗೆ ನಿಜವಾದ ಅನೌಚಿತ್ಯ ಇದೇ. ಒಂದು ಕ್ಷಣದ ನಗೆಯನ್ನು ಕ್ಷಮಿಸಬಹುದು. ಸತ್ತವರನ್ನು ಸ್ವತ್ತಾಗಿ ಮಾಡಿಕೊಳ್ಳುವುದನ್ನು ಕ್ಷಮಿಸಲಾಗದು. ಮುಧೋಳದ ರನ್ನನ ದುರ್ಯೋಧನ ರಣರಂಗದಲ್ಲಿ ನಡೆಯುತ್ತ, ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಕೈಮುಗಿದು ಅವನ ಸಾಹಸವನ್ನು ಹೊಗಳುತ್ತಾನೆ. ಛಲದಂಕಮಲ್ಲನಿಗೂ ಸಾಧ್ಯವಾದ ಔದಾರ್ಯ ನಮ್ಮ ಪಕ್ಷನಾಯಕರಿಗೆ ಅಸಾಧ್ಯವೇ?

ಆದುದರಿಂದ ರಾಜಕಾರಣಿಗಳ ನಡತೆಯನ್ನು ಅಳೆಯುವ ಕೋಲನ್ನು ಬದಲಿಸಿಕೊಳ್ಳೋಣವೆಂದು ನನ್ನ ಬಿನ್ನಹ. ಮಣ್ಣಿಗೆ ಬಂದಾಗ ಅವರು ಧ್ವನಿವರ್ಧಕವನ್ನು ಮುಟ್ಟದಿರಲಿ. ಒಂದು ಹಿಡಿ ಮಣ್ಣು ಹಾಕಿ, ಹೇಳದೆ ಎದ್ದು ಹೋಗಲಿ. ಹುತಾತ್ಮ ದಿನಕ್ಕೆ ಬಂದಾಗ ಮೊದಲು ಸತ್ತವರ ಹೆಸರುಗಳನ್ನು ಓದಲಿ, ಅಂದು ಪ್ರಾಣ ತೆತ್ತ ಪೊಲೀಸರ ಹೆಸರುಗಳನ್ನೂ ಬಿಡದೆ. ಆಮೇಲೆ ಕಳೆದ ಜುಲೈ 21ರಂದು ಇದೇ ಜಾಗದಲ್ಲಿ ಏನು ಹೇಳಿದ್ದೆವು, ಅದರಲ್ಲಿ ಎಷ್ಟು ಮಾಡಿದೆವು ಎಂದು ಲೆಕ್ಕ ಒಪ್ಪಿಸಲಿ. ಕಡೆಗೆ ಕೆಳಗೆ ಕುಳಿತು, ಕಾಲುವೆಯ ಕೊನೆಯ ಹೊಲದವನು ಮಾತನಾಡುವುದನ್ನು ಕೇಳಲಿ. ಆಗ ಅವರ ಮುಖದಲ್ಲಿ ನಗೆಯಿತ್ತೋ ದುಃಖವಿತ್ತೋ ಎಂದು ಯಾರೂ ಕೇಳಲಾರರು.