ಆ ಹೂಜಿಯಲ್ಲಿ ಜೇನಿತ್ತು

ಮತ್ತೆ ಅದೇ ಶೋಕದ ಮಾತು. ಕೊರಿಯಾದ ಗೊರ್ಯೊ ಕಾಲದ ಹಸಿರು ಹೂಜಿಗಳ ಬಗ್ಗೆ ಬರೆಯಲು ಕೂತರೆ ನಮ್ಮ ಕಲಾವಿಮರ್ಶಕರಿಗೆ ಅವುಗಳ ಬಾಗಿದ ಮೈಯಲ್ಲಿ ನೊಂದ ಜನಾಂಗದ ಅಳಲೇ ಕಾಣುತ್ತದೆ. ನಮ್ಮ ಜೊತೆಯ ಪತ್ರಿಕೆಯೊಂದು ಕಳೆದ ಸಂಚಿಕೆಯಲ್ಲಿ ಅದನ್ನೇ ಪುಟಗಟ್ಟಲೆ ಹಿಗ್ಗಿಸಿದೆ. ಈ ವಾದ ಜಪಾನಿನ ಕಲಾಚಿಂತಕ ಯಾನಗಿ ಸೊಯೆತ್ಸು ಅವರದು. ಕೊರಿಯಾ ಜಪಾನಿನ ವಸಾಹತಾಗಿದ್ದಾಗ ಹುಟ್ಟಿದ್ದು. ಯಾನಗಿ ಕೊರಿಯಾವನ್ನು ಮನಸಾರೆ ಪ್ರೀತಿಸಿದವರು. ಸೋಲ್‌ನ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲನ್ನು ಕೆಡವಬೇಡಿ ಎಂದು 1922ರಲ್ಲಿ ಬರೆದವರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಆಳಿಸಿಕೊಂಡವರ ಕೈಕೆಲಸಕ್ಕೆ ಆಳುವ ನಾಡಿನ ಮರುಕವೇ ಅರ್ಥವಾಗಿ ಉಳಿಯುವುದನ್ನು ಒಪ್ಪಲಾರೆ. ಕೊರಿಯಾದ ವಿದ್ವಾಂಸರೇ ಅದನ್ನು ಎಂದೋ ಪ್ರಶ್ನಿಸಿದ್ದಾರೆ.

ಹೂಜಿಯ ಅರ್ಥ ಬೇಕಿದ್ದರೆ ಅದನ್ನು ಮಾಡುವ ಕೆಲಸವನ್ನು ನೋಡಬೇಕು. ಅರೆ ಒಣಗಿದ ಮಣ್ಣಿನ ಮೈಮೇಲೆ ಕ್ರೌಂಚ, ಮೋಡ, ಸೇವಂತಿಗೆಗಳನ್ನು ಕೊರೆದು, ಆ ಗೀರುಗಳಿಗೆ ಬಿಳಿಮಣ್ಣು ಕೆಮ್ಮಣ್ಣು ತುಂಬಿ, ಹೆಚ್ಚಾದದ್ದನ್ನು ಹೆರೆದು ಒಮ್ಮೆ ಸುಡುತ್ತಾರೆ. ಆಮೇಲೆ ತುಸು ಕಬ್ಬಿಣವಿರುವ ಮೆರುಗು ಹಚ್ಚಿ, ಗಾಳಿ ಕಟ್ಟಿದ ಗೂಡಿನಲ್ಲಿ ಮತ್ತೆ ಸುಡುತ್ತಾರೆ. ಕೆಮ್ಮಣ್ಣು ಕಪ್ಪಾಗಿ, ಮೆರುಗು ಹಸಿರಾಗಿ ಹೊರಬರುತ್ತದೆ. ತುಂಬಿದ ಮಣ್ಣೂ ಮೈಮಣ್ಣೂ ಜೊತೆಯಾಗಿ ಕುಗ್ಗದಿದ್ದರೆ ಚಿತ್ತಾರವೇ ಬಿರುಕು ಬಿಡುತ್ತದೆ. ಗಾಂಗ್‌ಜಿನ್, ಬುವಾನ್‌ಗಳ ಕುಂಬಾರರು ಇದನ್ನು ಸಾಧಿಸಿದ್ದು ಬೆಂಕಿಯ ಲೆಕ್ಕ ಕಲಿತು, ತಪ್ಪಿದ್ದನ್ನು ಒಡೆದು ಹಾಕಿ. ಸೋಲ್‌ನ ಗಾನ್‌ಸೋಂಗ್ ಸಂಗ್ರಹಾಲಯದ ಸುಮಾರು 42 ಸೆಂ.ಮೀ. ಎತ್ತರದ ಹೂಜಿಯಲ್ಲಿ ವೃತ್ತಗಳ ಒಳಗಿನ ಕ್ರೌಂಚಗಳು ಮೇಲಕ್ಕೆ ಹಾರುತ್ತವೆ, ಹೊರಗಿನವು ಕೆಳಕ್ಕೆ. ಕೊರಿಯಾದ ಕಲಾಸಂಗ್ರಾಹಕ ಚೋನ್ ಹ್ಯೊಂಗ್‌ಪಿಲ್ ಅದನ್ನು 1935ರಲ್ಲಿ ಜಪಾನಿ ವ್ಯಾಪಾರಿಯಿಂದ 20,000 ವೋನ್ ತೆತ್ತು ಬಿಡಿಸಿಕೊಂಡರು. ಗೋರಿಗಳನ್ನು ಅಗೆದು ಇಂಥವನ್ನು ದೋಚುತ್ತಿದ್ದ ಕಾಲವದು. ಶೋಕ ಬೇಕಿದ್ದವರು ಅದನ್ನು ಆ ಲೂಟಿಯಲ್ಲಿ ಹುಡುಕಲಿ, ಹೂಜಿಯ ಬಾಗಿನಲ್ಲಲ್ಲ.

ಇನ್ನು ಆ ಹೂಜಿಗಳು ಏತಕ್ಕಿದ್ದವು? 2010ರಲ್ಲಿ ಕೊರಿಯಾದ ಥೇಆನ್ ಕಡಲಿನಲ್ಲಿ ಮುಳುಗಿದ್ದ ಗೊರ್ಯೊ ಹಡಗಿನಿಂದ ಇದೇ ಆಕಾರದ ಎರಡು ಹೂಜಿಗಳು ಸಿಕ್ಕವು, ಬಿದಿರಿನ ಚೀಟಿಗಳ ಸಮೇತ. ಓ ಮುನ್‌ಬು ಎಂಬ ಸೇನಾಧಿಕಾರಿಯ ಮನೆಗೆ ಹೊರಟಿದ್ದ ಸರಕು ಅದು: ಒಂದರಲ್ಲಿ ಜೇನು, ಇನ್ನೊಂದರಲ್ಲಿ ಎಳ್ಳೆಣ್ಣೆ. ಉಣ್ಣುವ ತಿನ್ನುವ ಮನೆಗೆಂದು ಮಾಡಿದ ಪಾತ್ರೆ. ಶೋಕದ ಮಾತಾಡುವ ನಮ್ಮ ವಿಮರ್ಶಕರು ಈ ಚೀಟಿಗಳ ಸುದ್ದಿಯನ್ನೇ ಎತ್ತುವುದಿಲ್ಲ.

ಈ ಸಂಚಿಕೆ ಮಣ್ಣಿನ ಕಲೆಗೆ ಮೀಸಲು. ಮುಂದೆ ಈ ವಿಷಯದ ಮೇಲೆ ನಮಗೆ ಬರೆಯುವವರು ದಯವಿಟ್ಟು ಒಂದು ದಿನವಾದರೂ ಕುಂಬಾರನ ಆವಿಗೆಯ ಪಕ್ಕ ನಿಂತು ಬಂದು ಬರೆಯಲಿ.