ಕೊಳಕು ನಮ್ಮದು, ಮಣ್ಣು ಅವರದು

ಮೂಡಲಪಾಳ್ಯದಲ್ಲಿ ನಾವು ಬಚ್ಚಲಿಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂದು ಎಷ್ಟು ಜನ ಯೋಚಿಸಿದ್ದೇವೆ? ರಾಜಕಾಲುವೆ ಸೇರಿ, ಮೈಸೂರು ರಸ್ತೆ ಪಕ್ಕದ ವೃಷಭಾವತಿಗೆ ಬಿದ್ದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ರಾಜಾಜಿನಗರ, ವಿಜಯನಗರದ ಕೊಳಕಿಗೂ ಅದೇ ದಾರಿ. 1940ರ ದಶಕದಲ್ಲಿ ಆ ಕೆರೆ ಕಟ್ಟಿದ್ದು ಬೇಸಾಯಕ್ಕೆ. ಈಗ ಅಲ್ಲಿ ಬೆಳ್ಳಗೆ ನೊರೆ ಏಳುತ್ತದೆ, ಏರಿ ಮೇಲೆ ಮೂಗು ಮುಚ್ಚದೆ ನಿಲ್ಲಲಾಗದು.

ಅದೇ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಒಂಬತ್ತು ಹಳ್ಳಿಗಳ ಸುಮಾರು 9,000 ಎಕರೆಯಲ್ಲಿ ಉಪನಗರ ಕಟ್ಟುತ್ತೇವೆಂದು ಸರ್ಕಾರ 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಎಕರೆಗೆ ಕೋಟಿ ಲೆಕ್ಕದ ಪರಿಹಾರ, ಬೇಡವೆಂದರೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಪಾಲು ಎಂಬ ಮಾತೂ ಬಂತು. ಆದರೂ ರೈತರು ಧರಣಿಗೆ ಕೂತರು. ನಮ್ಮ ಬಡಾವಣೆಯ ಟೀ ಅಂಗಡಿಯಲ್ಲಿ ಇದಕ್ಕೆ ಸಿಗುವ ಪ್ರತಿಕ್ರಿಯೆ ಒಂದೇ: 'ಆ ಮಣ್ಣು ಹೇಗೂ ಕೆಟ್ಟುಹೋಗಿದೆ, ಕೋಟಿ ಕೊಟ್ಟರೆ ತಗೊಂಡು ಸುಮ್ಮನಿರೋದಲ್ವಾ?'

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೆಡಿಸಿದವರು ಯಾರು? ಬೈರಮಂಗಲದ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದವರು ನಮ್ಮ ಕೊಳಚೆ ತಡೆಯಲಾರದೆ ಹಿಪ್ಪುನೇರಳೆಗೆ, ಸೀಮೆಹುಲ್ಲಿಗೆ, ಬೇಬಿಕಾರ್ನ್‌ಗೆ ಹೊರಳಿದರು. ರೇಷ್ಮೆಹುಳು, ಸೀಮೆಹಸು ಕಟ್ಟಿಕೊಂಡು ಬದುಕಿದರು. ಊರು ಬಿಡಲಿಲ್ಲ. ದಶಕಗಟ್ಟಲೆ ಅವರ ಹೊಲಕ್ಕೆ ಕೊಳಕು ಹರಿಸಿದ ನಾವೇ ಈಗ, ಹೊಲ ಕೊಳಕಾಗಿದೆ, ಬಿಟ್ಟುಕೊಡಿ ಎನ್ನುವುದು ಯಾವ ನ್ಯಾಯ?

ಕೆರೆಯ ಮಾತಂತೂ ಇನ್ನೂ ನೋವಿನದು. ಉಪನಗರದ ಯೋಜನೆಯಲ್ಲಿ ಬೈರಮಂಗಲ ಕೆರೆಯ ಅಭಿವೃದ್ಧಿಯೂ ಇದೆ. ಅಂದರೆ ಆ ನೀರನ್ನು ಶುದ್ಧ ಮಾಡಲು ಸಾಧ್ಯವಿದೆ ಎಂದು ಸರ್ಕಾರಕ್ಕೆ ಗೊತ್ತು. ರೈತ ಉಳುತ್ತಿದ್ದಷ್ಟು ಕಾಲ ಆಗದ ಕೆಲಸ, ಅಪಾರ್ಟ್‌ಮೆಂಟ್ ಬಾಲ್ಕನಿ ಎದುರಿಗೆ ಬರುವಾಗ ಆಗುತ್ತದೆ!

ಆ ಕಡೆಯ ಒಂದು ಖುಷ್ಕಿ ಹೊಲದಲ್ಲಿ ಕಂಡದ್ದನ್ನು ಹೇಳಬೇಕು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬದುವಿನ ಮೇಲೆ ಕೂತು, ಮಳೆಗೆ ಕೊರೆದುಹೋದ ಕಡೆ ಕಲ್ಲು ಕೂರಿಸಿ ಮಣ್ಣು ಮೆತ್ತುತ್ತಿದ್ದರು. 'ಇದು ನಮ್ಮಪ್ಪ ಹಾಕಿದ ಬದು. ವರ್ಷಾ ಒಂದ್ಸಲ ಮುಟ್ಟದಿದ್ರೆ ಮಣ್ಣೆಲ್ಲ ಹಳ್ಳಕ್ಕೆ ಹೊಂಟೋಯ್ತದೆ' ಅಂದರು. ಅಂಗೈಯಲ್ಲಿ ಒಂದು ಹೆಂಟೆ ಪುಡಿಮಾಡಿ ತೋರಿಸಿದರು. ಕೆಮ್ಮಣ್ಣಿನ ನಡುವೆ ಕಪ್ಪು ಎಳೆ. ಹಿಂದೆಲ್ಲ ಕೆರೆ ಬತ್ತಿದಾಗ ಗಾಡಿಯಲ್ಲಿ ತಂದು ಹೊಡೆದ ಗೋಡು, ಕುರಿ ಮಂದೆ ನಿಲ್ಲಿಸಿದ ಗೊಬ್ಬರ, ಹೊಂಗೆ ಸೊಪ್ಪು, ತಿಪ್ಪೆಗೊಬ್ಬರ ಎಲ್ಲ ಸೇರಿ ಆದ ಬಣ್ಣ ಅದು. ಪಕ್ಕದಲ್ಲಿ ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು. ಒಂದಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕೆನ್ನುತ್ತಾರೆ ವಿಜ್ಞಾನಿಗಳು. ಆ ಅಂಗುಲ ಕೊಚ್ಚಿಹೋಗದಂತೆ ಮೂರು ತಲೆಮಾರು ಕಾದದ್ದಕ್ಕೆ ಪರಿಹಾರದ ಪಟ್ಟಿಯಲ್ಲಿ ಕಾಲಂ ಇಲ್ಲ. ಮರಕ್ಕಿದೆ, ಬೋರ್‌ವೆಲ್‌ಗಿದೆ, ಮನೆಗಿದೆ.

ಪ್ರತಿ ಡಿಸೆಂಬರ್ 5ಕ್ಕೆ ವಿಶ್ವ ಮಣ್ಣು ದಿನ ಆಚರಿಸಿ, ಮಣ್ಣು ಆರೋಗ್ಯ ಚೀಟಿ ಹಂಚುವುದೂ ಸರ್ಕಾರವೇ. ಜಲಾನಯನ ಇಲಾಖೆ ದುಡ್ಡು ಸುರಿದು ಬದು ಹಾಕಿಸುತ್ತದೆ, ಇನ್ನೊಂದು ಇಲಾಖೆ ಆ ಬದುವಿನ ಮೇಲೇ ಜೆಸಿಬಿ ಹತ್ತಿಸುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಮಣ್ಣು ಸಂರಕ್ಷಣೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಮಾರಲು ಮನಸ್ಸಿರುವ ರೈತರೂ ಆ ಹಳ್ಳಿಗಳಲ್ಲಿದ್ದಾರೆ, ನಿಜ. ಸಾಲ, ಮಗಳ ಮದುವೆ, ಹೊಲಕ್ಕಿಳಿಯದ ಮಕ್ಕಳು, ಅವರವರ ಕಷ್ಟ ಅವರವರಿಗೆ. ಅವರು ಮಾರಲಿ, ಒಳ್ಳೆಯ ಬೆಲೆಗೇ ಮಾರಲಿ. ಮಾರುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇ 70ರಷ್ಟು ಭೂಮಾಲೀಕರ ಒಪ್ಪಿಗೆ ಬೇಕೆನ್ನುತ್ತದೆ. ಇಲ್ಲಿ ಬಳಸಿದ್ದು ಅಂಥ ಒಪ್ಪಿಗೆ ಕೇಳದ, ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ. ಒಪ್ಪಿಗೆ ಇದೆ ಎಂದು ಅಷ್ಟು ಧೈರ್ಯವಿದ್ದರೆ ಹಳ್ಳಿ ಹಳ್ಳಿಯಲ್ಲಿ ಗ್ರಾಮಸಭೆ ಕರೆದು ಕೈ ಎತ್ತಿಸಿ.

ಬೆಂಗಳೂರಿಗೆ ಜಾಗ ಬೇಡವೇ ಎಂದು ಕೇಳುತ್ತೀರಿ. ಮಾಗಡಿ ರಸ್ತೆ, ಮೈಸೂರು ರಸ್ತೆ ನಡುವಿನ ಕೆಂಪೇಗೌಡ ಬಡಾವಣೆಗೆ ಹೋಗಿ ನೋಡಿ. 2010ರಲ್ಲಿ 4,043 ಎಕರೆಗೆ ಅಂತಿಮ ಅಧಿಸೂಚನೆ ಆಯಿತು, 2016ರಲ್ಲಿ ನಿವೇಶನ ಹಂಚಿಕೆ ಶುರುವಾಯಿತು. ಹಲವು ಬ್ಲಾಕ್‌ಗಳಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಅದೂ ರಾಗಿ ಬೆಳೆದ ನೆಲವೇ. ತೆಗೆದುಕೊಂಡದ್ದನ್ನು ತುಂಬಿಸದೆ ಇನ್ನೊಂದಕ್ಕೆ ಕೈ ಹಾಕುವ ಅಗತ್ಯವೇನಿದೆ?

ಸರ್ಕಾರಕ್ಕೆ ಹಿಂದೆ ಸರಿಯಲು ಬಾರದು ಎನ್ನುವಂತಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಗಾಗಿ 2022ರ ಏಪ್ರಿಲ್‌ನಿಂದ ಮೂರು ವರ್ಷ ದಾಟಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಆ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಅಲ್ಲಿಗೊಂದು, ಬಿಡದಿಗೊಂದು ನ್ಯಾಯ ಬೇಡ. ಅಧಿಸೂಚನೆ ಹಿಂತೆಗೆದುಕೊಳ್ಳಿ. ವೃಷಭಾವತಿಯನ್ನು ನಮ್ಮ ಕಡೆಯಿಂದಲೇ ಶುದ್ಧ ಮಾಡಿ ಬಿಡಿ, ಆ ಕೆರೆಯ ನೀರು ಮೊದಲು ಹೊಲಕ್ಕೆ ಹರಿಯಲಿ.

ಮೂಡಲಪಾಳ್ಯದ ನನ್ನ ನೆರೆಹೊರೆಯವರಲ್ಲಿ ಒಂದು ಬೇಡಿಕೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಬೈರಮಂಗಲಕ್ಕೆ ಹೋಗಿ ಬನ್ನಿ. ಮೊದಲು ಕೆರೆ ಏರಿ ಮೇಲೆ ನಿಂತು ನಮ್ಮ ನೀರನ್ನು ನೋಡಿ, ಆಮೇಲೆ ಅಲ್ಲಿನ ರೈತರ ಪಕ್ಕ ಕೂತು ಮಾತಾಡಿ.